ಸಂಕುಚಿತ ಶೀರ್ಷಿಕಾಕ್ಷರಗಳು: ಗುಣದೋಷ ವಿಚಾರ

ಗ್ರಂಥವೊಂದನ್ನು ವಿಮರ್ಶಿಸುವವರು ಅದರ ವಸ್ತು, ಭಾಷೆ, ಶೈಲಿ, ಪಾಠಶುದ್ಧಿ ಮೊದಲಾದವನ್ನು ವಿಚಾರಿಸುವುದು ವಾಡಿಕೆ. ಆ ಗ್ರಂಥವು ಯಾವ ಅಕ್ಷರಗಳ ಮೂಲಕ ಕಣ್ಣಿಗೆ ಬಿದ್ದಿತೋ ಆ ಅಕ್ಷರಗಳ ವಿಚಾರವನ್ನು ಅಚ್ಚುಕೂಟದವರಿಗೆ ಬಿಟ್ಟು ಸುಮ್ಮನಿರುವುದೂ ಅಷ್ಟೇ ವಾಡಿಕೆ. ಆದರೆ ಮುಖಪತ್ರದ ಮೇಲಣ ಹೆಸರು ಗ್ರಂಥದ ಮೊದಲನೆಯ ಮಾತು. ಆ ಮಾತನ್ನು ಯಾವ ದನಿಯಲ್ಲಿ ಆಡಬೇಕೆಂಬುದನ್ನು ನಿರ್ಣಯಿಸುವುದು ಅಕ್ಷರದ ರೂಪ. ಆದುದರಿಂದ ಅಕ್ಷರರೂಪದ ಗುಣದೋಷಗಳು ಸಾಹಿತ್ಯವಿಮರ್ಶೆಯ ಎಲ್ಲೆಯಿಂದ ಪೂರ್ತಿಯಾಗಿ ಹೊರಗಿನವೆಂದು ಹೇಳಲಾಗದು. ಪ್ರಕೃತ ಲೇಖನದಲ್ಲಿ ಅಂತಹ ಅಕ್ಷರಗಳ ಒಂದು ಜಾತಿಯನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಂಡಿದೆ. ರೋಮನ್ ಲಿಪಿಯಲ್ಲಿ ಸೆರಿಫ್ ಉಳ್ಳವೂ, ಅಗಲದಲ್ಲಿ ಕುಗ್ಗಿಸಿದವೂ, ತಲೆಬರಹಕ್ಕಾಗಿಯೇ ಮಾಡಿದವೂ ಆದ ಅಕ್ಷರಗಳಿವು. ಕೊನೆಯಲ್ಲಿ ಇದರಿಂದ ಕನ್ನಡದ ಅಚ್ಚಿಗೆ ಆಗತಕ್ಕ ಪಾಠವೇನೆಂಬುದನ್ನೂ ಸ್ವಲ್ಪ ಆಲೋಚಿಸಬಹುದು.

ಮೊದಲು ಪರಿಭಾಷೆಯನ್ನು ತಿಳಿಗೊಳಿಸಿಕೊಳ್ಳುವುದು ಒಳ್ಳೆಯದು. ರೋಮನ್ ಅಕ್ಷರದ ಗೆರೆಗಳ ಕೊನೆಯಲ್ಲಿ ಹೊರಕ್ಕೆ ಚಾಚಿಕೊಂಡಿರುವ ಸಣ್ಣ ಗೀಟಿಗೆ ಸೆರಿಫ್ ಎಂದು ಹೆಸರು. ನೆಟ್ಟಗೆ ನಿಂತ ಗೆರೆಯನ್ನು ನಿಲುಗೆರೆಯೆಂದೂ, ಮಲಗಿದ ಗೆರೆಯನ್ನು ಅಡ್ಡಗೆರೆಯೆಂದೂ, ಗೆರೆಗಳ ನಡುವೆ ಸುತ್ತುವರಿಯಲ್ಪಟ್ಟ ಬಿಳಿಯ ಜಾಗವನ್ನು ಒಳಬಯಲೆಂದೂ ಇಲ್ಲಿ ಕರೆದಿದೆ. ಎತ್ತರವನ್ನು ಹಾಗೆಯೇ ಇಟ್ಟು ಅಗಲವನ್ನು ಕಡಮೆಮಾಡಿದ ಅಕ್ಷರವೇ ಸಂಕುಚಿತಾಕ್ಷರ. ಇದರ ಪರೀಕ್ಷೆಯಲ್ಲಿ ಜನರು ಸಾಮಾನ್ಯವಾಗಿ ನೋಡುವುದು ಎಷ್ಟು ಕಿರಿದಾಯಿತೆಂಬುದನ್ನು; ನೋಡತಕ್ಕದ್ದು, ಕಿರಿದಾದ ಮೇಲೆ ಒಳಬಯಲು ಎಷ್ಟು ಉಳಿಯಿತು, ಅದು ಹೇಗೆ ಹಂಚಿಹೋಯಿತು ಎಂಬುದನ್ನು. ಈ ಲೇಖನದ ಮುಖ್ಯ ಪ್ರತಿಜ್ಞೆ ಇದೇ ಆಗಿದೆ.

ಸಂಕುಚಿತಾಕ್ಷರಗಳ ವಿರುದ್ಧವಾಗಿ ಬಂದಿರುವ ಆಕ್ಷೇಪಗಳಲ್ಲಿ ವಿಲಿಯಂ ಮಾರಿಸ್ ಮಹಾಶಯನದು ಪ್ರಬಲವಾದುದು. ೧೮೯೧ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿದ ಈ ಕವಿ, ಈಚಿನ ಮೊಳೆಗಳೆಲ್ಲ ಪಕ್ಕಗಳಿಂದ ಅಮುಕಲ್ಪಟ್ಟಿವೆಯೆಂದೂ, ವ್ಯಾಪಾರದ ಒತ್ತಡವೇ ಇದಕ್ಕೆ ಕಾರಣವೆಂದೂ ಭಾವಿಸಿದ್ದನು. ತನ್ನ ಮೊಳೆಗಳಿಗೆ ಮಾದರಿಯಾಗಿ ಆತನು ಆರಿಸಿಕೊಂಡದ್ದು ೧೫ನೆಯ ಶತಮಾನದ ವೆನಿಸ್ ನಗರದಲ್ಲಿ ನಿಕೊಲಾಸ್ ಜೆನ್ಸನ್ ಅಚ್ಚುಹಾಕಿದ ಅಗಲವಾದ, ಧಾರಾಳವಾದ ಅಕ್ಷರಗಳನ್ನು. ಮಾರಿಸನ ರುಚಿ ಉತ್ತಮವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆತನು ಹೇಳಿದ ಕಾರಣವು ಎಲ್ಲ ಸಂದರ್ಭಗಳಿಗೂ ಹೊಂದುವುದಿಲ್ಲ. ಮಾರಿಸನಿಗಿಂತ ಒಂದು ಶತಮಾನಕ್ಕೂ ಹಿಂದೆ, ಕಿರಿದಾದ ಅಕ್ಷರವನ್ನು ಬೇಡಿದವರಲ್ಲಿ ಕಾವ್ಯವನ್ನು ಅಚ್ಚುಮಾಡುವವರೂ ಇದ್ದರು.

೧೮ನೆಯ ಶತಮಾನದ ಫ್ರಾನ್ಸಿನಲ್ಲಿ ಪಿಯೆರ್ ಸಿಮೊನ್ ಫೂರ್ನಿಯೆ ಮತ್ತು ರಾಜಮುದ್ರಣಾಲಯದ ಲೂಯಿ ರೆನೆ ಲ್ಯೂಸ್ ಎಂಬ ಇಬ್ಬರು ಕುಶಲಿಗಳು ‘ಪೊಯೆಟೀಕ್’, ಎಂದರೆ ಕಾವ್ಯೋಚಿತ, ಎಂಬ ಹೆಸರಿನ ಕಿರಿದಾದ ಮೊಳೆಗಳನ್ನು ಕೊರೆದರು. ಫ್ರೆಂಚ್ ನಾಟಕ ಮತ್ತು ಮಹಾಕಾವ್ಯಗಳ ಪ್ರಧಾನ ಛಂದಸ್ಸಾದ ಅಲೆಕ್ಸಾಂದ್ರಿನ್ ೧೨ ಉಚ್ಚಾರಾಂಶಗಳುಳ್ಳ ದೀರ್ಘವಾದ ಸಾಲು. ಸಣ್ಣ ಆಕಾರದ ಪುಸ್ತಕದಲ್ಲಿ ಅಗಲವಾದ ಮೊಳೆಯಿಂದ ಅದನ್ನು ಜೋಡಿಸಿದರೆ ಸಾಲಿನ ತುದಿ ಮುರಿದು ಕೆಳಗಣ ಪಂಕ್ತಿಗೆ ಇಳಿಯುತ್ತದೆ. ಛಂದಸ್ಸಿನ ಆಕಾರವು ಕಣ್ಣಿಗೆ ಕೆಡುತ್ತದೆ. ಮೊಳೆಯನ್ನು ಸಣ್ಣದುಮಾಡಿದರೆ ಓದುವವನಿಗೆ ಶ್ರಮ. ಎತ್ತರವನ್ನು ಬಿಡದೆ ಅಗಲವನ್ನು ಮಾತ್ರ ಹದವಾಗಿ ತಗ್ಗಿಸಿದರೆ ಎರಡು ಕಷ್ಟಗಳೂ ಪರಿಹಾರವಾಗುತ್ತವೆ. ಇಲ್ಲಿ ಸಂಕೋಚವು ವ್ಯಾಪಾರಿಯ ಲೋಭವಲ್ಲ; ಕವಿಯ ಸಾಲಿಗೆ ಸಲ್ಲಿಸಿದ ಮರ್ಯಾದೆ. ಹೀಗಿರುವುದರಿಂದ ಕಿರಿದಾಗುವುದನ್ನೇ ದೋಷವೆಂದು ಎಣಿಸಲಾಗದು. ಯಾವ ಪ್ರಯೋಜನಕ್ಕಾಗಿ, ಯಾವ ಉಪಾಯದಿಂದ ಕಿರಿದಾಯಿತೆಂಬುದನ್ನು ನೋಡಿ ತೀರ್ಮಾನಿಸಬೇಕು.

ಶೀರ್ಷಿಕಾಕ್ಷರಗಳ ಕಥೆ ಬೇರೆ. ಇಟಲಿಯ ಪಾರ್ಮಾ ನಗರದ ಬೊದೋನಿ (೧೭೪೦–೧೮೧೩) ಮತ್ತು ಪ್ಯಾರಿಸಿನ ದಿದೊ ಮನೆತನದವರು ೧೮ನೆಯ ಶತಮಾನದ ಕೊನೆಯ ವೇಳೆಗೆ ನಿಲುಗೆರೆಯನ್ನು ದಪ್ಪಗೆ, ಅಡ್ಡಗೆರೆಯನ್ನೂ ಸೆರಿಫನ್ನೂ ಕೂದಲೆಳೆಯಷ್ಟು ತೆಳ್ಳಗೆ ಮಾಡಿದ ಹೊಸ ಪದ್ಧತಿಯನ್ನು ಪ್ರತಿಷ್ಠೆಗೆ ತಂದರು. ೧೯ನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಮೊಳೆ ಎರಕದವರು ಆ ದಪ್ಪವನ್ನು ಇನ್ನೂ ಉಬ್ಬಿಸಿ, ಬೀದಿಯ ಗೋಡೆಗಳಿಗೆ ಅಂಟಿಸುವ ಭಿತ್ತಿಪತ್ರಗಳಿಗೆ ತಕ್ಕ ಭಾರವಾದ ಅಕ್ಷರಗಳನ್ನು ಮಾಡತೊಡಗಿದರು. ಭಿತ್ತಿಪತ್ರದ ಹಾಳೆಗೆ ಅಗಲ ಕಡಮೆ, ಉದ್ದ ಹೆಚ್ಚು. ಒಂದೇ ಮಾತು ಹಾಳೆಯ ಅಗಲವನ್ನೆಲ್ಲ ತುಂಬಬೇಕು, ಆದರೂ ದೂರದಿಂದ ಕಾಣುವಷ್ಟು ಎತ್ತರವಾಗಿರಬೇಕು. ಈ ಎರಡು ಬೇಡಿಕೆಗಳು ಸೇರಿದಾಗ ಉದ್ದನೆಯ, ಇಕ್ಕಟ್ಟಾದ ಅಕ್ಷರವು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಬಹು ದೊಡ್ಡ ಮೊಳೆಗಳನ್ನು ಸೀಸದಲ್ಲಿ ಎರೆದರೆ ತೂಕ ಹೆಚ್ಚು, ಬೆಲೆಯೂ ಹೆಚ್ಚು. ೧೮೨೭ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬಾತನು ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ಉಪಾಯವನ್ನು ಕಂಡುಹಿಡಿದನು. ೧೮೩೪ರಲ್ಲಿ ವಿಲಿಯಂ ಲೆವೆನ್‌ವರ್ತ್ ಇದಕ್ಕೆ ಪ್ಯಾಂಟೊಗ್ರಾಫ್ ಎಂಬ ಸಾಧನವನ್ನು ಜೋಡಿಸಿದನು. ಒಂದು ಮಾದರಿಯ ಅಂಚಿನ ಮೇಲೆ ಕಡ್ಡಿಯನ್ನು ನಡೆಸಿದರೆ ಅದೇ ಆಕೃತಿಯನ್ನು ಯಂತ್ರವು ಬೇರೆ ಪ್ರಮಾಣದಲ್ಲಿ ಕೊರೆಯುತ್ತದೆ. ೧೮೮೫ರಲ್ಲಿ ಲಿನ್ ಬಾಯ್ಡ್ ಬೆಂಟನ್ ಇದೇ ತತ್ತ್ವವನ್ನು ಲೋಹದ ಮೊಳೆಗಳ ಉಕ್ಕಿನ ಅಚ್ಚಿಗೆ ಅಳವಡಿಸಿದನು. ಈತನ ಯಂತ್ರದಲ್ಲಿ ಒಂದೇ ಮಾದರಿಯಿಂದ ಅಕ್ಷರವನ್ನು ಹಿಗ್ಗಿಸಲೂ ಕುಗ್ಗಿಸಲೂ ಸಾಧ್ಯವಾಯಿತು. ಅದುವರೆಗೆ ಕಿರಿದಾದ ಅಕ್ಷರ ಬೇಕೆಂದರೆ ಒಬ್ಬ ಮನುಷ್ಯನು ಕುಳಿತು ಅದನ್ನು ಹೊಸದಾಗಿ ಆಲೋಚಿಸಿ ಕೊರೆಯಬೇಕಾಗಿತ್ತು. ಇನ್ನು ಮೇಲೆ ಆಲೋಚನೆಯಿಲ್ಲದೆಯೂ ಅದು ದೊರೆಯುವಂತಾಯಿತು. ಇಂದಿನ ಗಣಕಯಂತ್ರಗಳಲ್ಲಿ ಒಂದು ಅಂಕೆಯನ್ನು ಬದಲಾಯಿಸಿ ಅಕ್ಷರವನ್ನು ಹಿಸುಕುವ ಸೌಕರ್ಯದ ಪೂರ್ವಜನು ಇದೇ.

ಈ ಸೌಕರ್ಯದಲ್ಲಿ ಅಡಗಿರುವ ದೋಷವನ್ನು ಸರಳವಾದ ಲೆಕ್ಕದಿಂದ ತೋರಿಸಬಹುದು. ಒಂದು ಅಕ್ಷರದ ನಿಲುಗೆರೆಯ ದಪ್ಪ ೧೦ ಪಾಲು, ಅಡ್ಡಗೆರೆಯ ದಪ್ಪ ೪ ಪಾಲು ಎಂದಿಟ್ಟುಕೊಳ್ಳೋಣ. ಇದನ್ನು ಅಗಲದಲ್ಲಿ ಮಾತ್ರ ನೂರಕ್ಕೆ ೬೦ಕ್ಕೆ ಇಳಿಸಿದರೆ ನಿಲುಗೆರೆ ೬ ಪಾಲಾಗುತ್ತದೆ. ಅಡ್ಡಗೆರೆಯ ದಪ್ಪವು ಎತ್ತರಕ್ಕೆ ಸೇರಿದುದರಿಂದ ೪ ಪಾಲಾಗಿಯೇ ಉಳಿಯುತ್ತದೆ. ಎರಡೂವರೆಗೆ ಒಂದರಂತೆ ಇದ್ದ ಪ್ರಮಾಣವು ಒಂದೂವರೆಗೆ ಒಂದಾಗಿ, ಅಕ್ಷರದ ಸ್ವಭಾವವೇ ಬದಲಾಗುತ್ತದೆ. ನೂರಕ್ಕೆ ೪೦ಕ್ಕೆ ಇಳಿಸಿದರೆ ಎರಡೂ ಸಮನಾಗುತ್ತವೆ. ಇನ್ನೂ ಇಳಿಸಿದರೆ ಮಲಗಬೇಕಾದ ಗೆರೆ ಕೊಬ್ಬಿ, ನಿಲ್ಲಬೇಕಾದ ಗೆರೆ ಬಡವಾಗುತ್ತದೆ. ಗುಂಡಾದ ಅಕ್ಷರಗಳಲ್ಲಿ ತಲೆ ಮತ್ತು ಬುಡಗಳು ಊದಿಕೊಂಡು ಪಕ್ಕಗಳು ಸೊರಗಿ ಕಾಣುವುದು ಇದರ ಫಲ.

ಬಲ್ಲವನು ಕಿರಿದಾದ ಅಕ್ಷರವನ್ನು ಬರೆಯುವ ಕ್ರಮವೇ ಬೇರೆ. ಆತನು ನಿಲುಗೆರೆಯನ್ನು ತಕ್ಕಮಟ್ಟಿಗೆ ಉಳಿಸಿಕೊಳ್ಳುತ್ತಾನೆ. ಅಡ್ಡಗೆರೆಯನ್ನು ತಾನಾಗಿ ಸವರುತ್ತಾನೆ. ಗುಂಡನ್ನು ಅಮುಕದೆ, ಪಕ್ಕಗಳನ್ನು ನೆಟ್ಟಗೆಮಾಡಿ ಬಾಗನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತಾನೆ. ಸೆರಿಫುಗಳು ಒಂದನ್ನೊಂದು ಮುಟ್ಟದಂತೆ ಮೊಟಕುಮಾಡುತ್ತಾನೆ. ಒಳಬಯಲಿಗೂ ಅಕ್ಷರಗಳ ನಡುವಣ ತೆರಪಿಗೂ ಒಂದು ಸಮತೆಯನ್ನು ತರುತ್ತಾನೆ. ಇಂತಹ ಅಕ್ಷರವನ್ನು ಕುಗ್ಗಿಸಿದ್ದೆನ್ನುವುದಕ್ಕಿಂತ ಕಿರಿದಾಗಿಯೇ ಹುಟ್ಟಿದ್ದೆನ್ನುವುದು ಸರಿ.

ಈ ಮಾನದಂಡದಿಂದ ಪ್ರಸಿದ್ಧವಾದ ಕೆಲವು ಅಕ್ಷರಗಳನ್ನು ತೂಗಿ ನೋಡಬಹುದು. ಮೊದಲನೆಯದು ಕ್ಲಾರೆಂಡನ್. ಇದು ೧೮೪೫ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಎರಕದ ಮನೆಯಿಂದ ರಾಬರ್ಟ್ ಬೆಸ್ಲಿಯ ಹೆಸರಿನಲ್ಲಿ ಹೊರಟಿತು. ಅಚ್ಚನ್ನು ಕೊರೆದವನು ಬೆಂಜಮಿನ್ ಫಾಕ್ಸ್. ಸರಕಾರದಲ್ಲಿ ನೋಂದಾಯಿಸಿ ಮೂರು ವರ್ಷಗಳ ಹಕ್ಕನ್ನು ಪಡೆದಿದ್ದರೂ, ಆ ಅವಧಿ ತೀರುತ್ತಲೇ ಇತರ ಎರಕದವರು ಅದನ್ನು ಅನುಕರಿಸಿದರು. ಕ್ಲಾರೆಂಡನ್ ಮೂಲದಲ್ಲಿ ಸ್ವಲ್ಪ ಕಿರಿದಾದ, ದಟ್ಟವಾದ ಅಕ್ಷರ. ಸಾಧಾರಣ ರೋಮನ್ ಅಕ್ಷರಗಳ ನಡುವೆಯೇ ನಿಂತು ಒಂದು ಮಾತನ್ನು ಎತ್ತಿ ತೋರಿಸುವುದು ಅದರ ಕೆಲಸ. ನಿಘಂಟುಗಳ ಪದೋಲ್ಲೇಖಕ್ಕೆ ಅದು ಬಹಳ ಒದಗಿತು. ಅದರ ಸೆರಿಫ್ ದಪ್ಪನಾದುದು, ನಿಲುಗೆರೆಗೆ ಬಾಗಿಕೊಂಡು ಸೇರತಕ್ಕದ್ದು. ದಪ್ಪ ತೆಳುಗಳ ಅಂತರ ಮಿತವಾದುದು. ಆದಕಾರಣ ಕಿರಿದಾದರೂ ಅದರ ಒಂದೊಂದು ಅಕ್ಷರವೂ ತನ್ನ ಮುಖವನ್ನು ಕಳೆದುಕೊಳ್ಳಲಿಲ್ಲ. ಒತ್ತಿ ಹೇಳುವುದಕ್ಕೂ ಕೂಗುವುದಕ್ಕೂ ಭೇದವುಂಟೆಂಬುದನ್ನು ಈ ಅಕ್ಷರವು ಚೆನ್ನಾಗಿ ಅರಿತಿದೆ.

ಇದಕ್ಕೆ ಪ್ರತಿಯಾಗಿ ಆನಿಕ್ಸ್ ಎಂಬುದನ್ನು ನೋಡಬೇಕು. ೧೯೩೭ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ಗೆರಿ ಪವೆಲ್ ಬರೆದ ಈ ಅಕ್ಷರವು ಬೊದೋನಿಯ ಪದ್ಧತಿಯನ್ನು ಅತಿಯಾಗಿ ಕಿರಿದುಮಾಡಿದುದು. ದಪ್ಪವಾದ ಕಪ್ಪು ಕಂಬಗಳು ಒತ್ತೊತ್ತಾಗಿ ನಿಂತು, ಅವನ್ನು ಜೋಡಿಸುವ ಗೆರೆಗಳು ಕೂದಲೆಳೆಯಂತಿವೆ. ಎರಡು ಮೂರು ಮಾತುಗಳ ಶೀರ್ಷಿಕೆಯಲ್ಲಿ, ದೊಡ್ಡ ಗಾತ್ರದಲ್ಲಿ, ಇದಕ್ಕೆ ಒಂದು ಬೆಡಗುಂಟು. ಉದ್ದವಾದ ವಾಕ್ಯಕ್ಕೆ ಬಳಸಿದರೆ ಮಾತ್ರ ಓದುಗನ ಕಣ್ಣಿಗೆ ಕಾಣುವುದು ಬೇಲಿಯ ಗೂಟಗಳ ಸಾಲು. ಒಂದು ಅಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸತಕ್ಕ ತೆಳುಗೆರೆಗಳೇ ದೂರಕ್ಕೆ ಅಳಿಸಿಹೋಗುತ್ತವೆ. ಇದು ಕೆಟ್ಟ ಅಕ್ಷರವೆಂದು ಹೇಳುವುದಕ್ಕಿಂತ, ಬಹು ಕಡಮೆ ಮಾತಿಗೆ ಮಾತ್ರ ಅರ್ಹವಾದ ಅಕ್ಷರವೆಂದು ಹೇಳುವುದು ನ್ಯಾಯ. ಇದರ ಪ್ರಯೋಗದಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಜೋಡಿಸಿದವರವು, ಬರೆದವನವಲ್ಲ.

ಮೂರನೆಯದು ಚೆಲ್ಟನ್‌ಹ್ಯಾಂ. ಇದರ ಮೂಲವನ್ನು ೧೮೯೬ರಲ್ಲಿ ಬರೆದ ಬರ್ಟ್ರಂ ಗುಡ್‌ಹ್ಯೂ ವೃತ್ತಿಯಿಂದ ವಾಸ್ತುಶಿಲ್ಪಿ. ಓದುವ ಕಣ್ಣು ಅಕ್ಷರಗಳ ಮೇಲರ್ಧದಿಂದಲೇ ಅವನ್ನು ಹೆಚ್ಚಾಗಿ ಗುರುತಿಸುತ್ತದೆಂಬ ನಂಬಿಕೆಯಿಂದ ಅದರ ಮೇಲ್ಚಾಚುಗಳನ್ನು ಉದ್ದವಾಗಿಯೂ ಕೆಳಚಾಚುಗಳನ್ನು ಗಿಡ್ಡವಾಗಿಯೂ ಇಟ್ಟಿದೆ. ಮುಂದೆ ಮಾರಿಸ್ ಫುಲರ್ ಬೆಂಟನ್ ಇದಕ್ಕೆ ದಪ್ಪ, ಕಿರಿದು, ಅತಿಕಿರಿದು ಎಂಬ ಹಲವು ಭೇದಗಳನ್ನು ಸೇರಿಸಿ ಒಂದು ದೊಡ್ಡ ಕುಟುಂಬವನ್ನೇ ಬೆಳೆಸಿದನು. ಪುಸ್ತಕದ ಒಳಪುಟಗಳಿಗೆ ಇದು ಅಷ್ಟಾಗಿ ಒಪ್ಪುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ವೃತ್ತಪತ್ರಿಕೆಯ ತಲೆಬರಹದಲ್ಲಾದರೋ ಇದರ ಕಿರಿದಾದ ಭೇದಗಳಿಗೆ ಸಮನಾದುದು ವಿರಳ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ತನ್ನ ತಲೆಬರಹಗಳಿಗೆ ಬಹುಕಾಲ ಬುಕ್‌ಮನ್, ಸೆಂಚುರಿ ಬೋಲ್ಡ್, ಲ್ಯಾಟಿನ್ ಎಕ್ಸ್‌ಟ್ರಾ ಕಂಡೆನ್ಸ್ಡ್ ಮೊದಲಾದ ಬೇರೆ ಬೇರೆ ಕುಲದ ಅಕ್ಷರಗಳನ್ನು ಒಟ್ಟಿಗೆ ಬಳಸುತ್ತಿದ್ದು, ೨೦೦೩ರ ಅಕ್ಟೋಬರಿನಲ್ಲಿ ಅವನ್ನು ಬಿಟ್ಟು ಚೆಲ್ಟನ್‌ಹ್ಯಾಂ ಒಂದನ್ನೇ ಪ್ರಧಾನವಾಗಿ ಇರಿಸಿಕೊಂಡಿತು. ಅದಕ್ಕಾಗಿ ಮ್ಯಾಥ್ಯೂ ಕಾರ್ಟರ್ ಆ ಅಕ್ಷರವನ್ನು ಬೇರೆ ಬೇರೆ ದಪ್ಪ ಮತ್ತು ಅಗಲಗಳಲ್ಲಿ ಹೊಸದಾಗಿ ಬರೆದುಕೊಟ್ಟನು. ಗಮನಿಸತಕ್ಕ ಸಂಗತಿಯೆಂದರೆ, ಯಂತ್ರದಿಂದ ಕ್ಷಣಮಾತ್ರದಲ್ಲಿ ಹಿಸುಕಬಹುದಾದ ಕಾಲದಲ್ಲಿಯೂ ಅಷ್ಟು ದೊಡ್ಡ ಪತ್ರಿಕೆಯು ಒಬ್ಬ ಕುಶಲಿಯ ಕೈಯಿಂದ ಒಂದೊಂದು ಅಗಲವನ್ನೂ ಬೇರೆಯಾಗಿ ಬರೆಸಿತು. ಚೆಲ್ಟನ್‌ಹ್ಯಾಮಿನ ಸೆರಿಫ್ ಮೊಂಡಾದುದು, ದಪ್ಪ ತೆಳುಗಳ ಅಂತರ ಅಲ್ಪ. ಕಿರಿದಾಗುವುದನ್ನು ತಾಳಿಕೊಳ್ಳುವ ಶಕ್ತಿ ಅದರ ಹುಟ್ಟಿನಲ್ಲಿಯೇ ಇತ್ತು.

ನಾಲ್ಕನೆಯ ಉದಾಹರಣೆ ಯಂತ್ರಸಂಕೋಚದ್ದು. ೧೯೭೦ರ ದಶಕದಲ್ಲಿ ಟೋನಿ ಸ್ಟಾನ್ ಬರೆದ ಐಟಿಸಿ ಗ್ಯಾರಮಂಡ್ ಎಂಬ ಅಕ್ಷರವನ್ನು ಆಪಲ್ ಸಂಸ್ಥೆಯವರು ೧೯೮೪ರಲ್ಲಿ ಸುಮಾರು ನೂರಕ್ಕೆ ೮೦ರ ಅಗಲಕ್ಕೆ ಕುಗ್ಗಿಸಿ ತಮ್ಮ ಜಾಹೀರಾತುಗಳಿಗೆ ಗೊತ್ತುಮಾಡಿಕೊಂಡರು. ಅದನ್ನು ಬಳಕೆಗೆ ತಿದ್ದಿ ಕೊಟ್ಟವರು ಬಿಟ್‌ಸ್ಟ್ರೀಂ ಎಂಬ ಸಂಸ್ಥೆಯವರು. ಹಲವು ವರ್ಷಗಳವರೆಗೆ ಲೋಕದಲ್ಲೆಲ್ಲ ಕಂಡುಬರುತ್ತಿದ್ದ ಈ ಅಕ್ಷರವು ಜನಕ್ಕೆ ಸೌಮ್ಯವಾಗಿ ತೋರಿದುದು ನಿಜ. ೨೦ ಪಾಲಿನ ಸಂಕೋಚವನ್ನು ಅಕ್ಷರವು ಹೇಗೋ ಸಹಿಸಿಕೊಂಡಿತೆನ್ನಬೇಕು. ಆದರೂ ಸೂಕ್ಷ್ಮವಾಗಿ ನೋಡಿದವರು ಅದರ ಬಾಗುಗಳಲ್ಲಿ ಮೇಲೆ ಹೇಳಿದ ಊತವನ್ನು ಕಾಣಬಹುದು. ೧೬ನೆಯ ಶತಮಾನದ ಕ್ಲೋದ್ ಗ್ಯಾರಮೊಂಡನ ಹೆಸರನ್ನು ಹೊತ್ತಿದ್ದರೂ, ಆತನ ಅಕ್ಷರದ ವಿಶಾಲವಾದ ಒಳಬಯಲು ಅದರಲ್ಲಿ ಉಳಿದಿಲ್ಲ. ಸಣ್ಣ ಸಂಕೋಚಕ್ಕೆ ಕ್ಷಮೆಯುಂಟೆಂಬುದನ್ನೂ, ಅದು ನಿಯಮವಾಗತಕ್ಕದ್ದಲ್ಲವೆಂಬುದನ್ನೂ ಈ ನಿದರ್ಶನವು ಏಕಕಾಲದಲ್ಲಿ ತಿಳಿಸುತ್ತದೆ.

ಇನ್ನು ನಮ್ಮ ಲಿಪಿಗೆ ಬರೋಣ. ಕನ್ನಡದ ಅಕ್ಷರಕ್ಕೆ ಸೆರಿಫ್ ಇಲ್ಲ. ತಲೆಕಟ್ಟನ್ನು ಸೆರಿಫಿಗೆ ಸಮಾನವೆಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. ಸೆರಿಫನ್ನು ತೆಗೆದರೂ ರೋಮನ್ ಅಕ್ಷರವು ಅದೇ ಅಕ್ಷರವಾಗಿ ಉಳಿಯುತ್ತದೆ. ತಲೆಕಟ್ಟನ್ನು ತೆಗೆದು ಆ ಜಾಗದಲ್ಲಿ ಗುಡಿಸನ್ನು ಇಟ್ಟರೆ ಸ್ವರವೇ ಬದಲಾಗುತ್ತದೆ. ಅದು ಅಲಂಕಾರವಲ್ಲ, ಅರ್ಥದ ಅಂಗ. ಆದುದರಿಂದ ರೋಮನ್ ಲಿಪಿಯ ಸಂಕುಚಿತ ಸೆರಿಫ್ ಅಕ್ಷರಗಳ ಬೆಡಗನ್ನು ಕನ್ನಡಕ್ಕೆ ನೇರವಾಗಿ ತರುವ ಪ್ರಯತ್ನವು ಬುಡದಲ್ಲಿಯೇ ದುರ್ಬಲವಾದುದು. ತರಬೇಕಾದುದು ಅವುಗಳ ತತ್ತ್ವವನ್ನು.

ಎರಡನೆಯದಾಗಿ, ರೋಮನ್ ಅಕ್ಷರವು ಕಿರಿದಾದಾಗ ಕಳೆದುಕೊಂಡುದನ್ನು ಎತ್ತರದಿಂದ ತುಂಬಿಕೊಳ್ಳುತ್ತದೆ. ಕನ್ನಡದಲ್ಲಿ ಎತ್ತರವೂ ಬಿಡುವಾಗಿಲ್ಲ. ‘ರಾಷ್ಟ್ರ’, ‘ಸ್ತ್ರೀ’ ಎಂಬ ಪದಗಳಲ್ಲಿ ಒತ್ತಕ್ಷರಗಳು ಕೆಳಗಿನ ಜಾಗವನ್ನು ಬೇಡುತ್ತವೆ. ಗುಡಿಸು, ಏತ್ವ ಮುಂತಾದವು ಮೇಲಿನ ಜಾಗವನ್ನು ಬೇಡುತ್ತವೆ. ದೀರ್ಘದ ಚಿಹ್ನೆಯೂ ಅರ್ಕಾವೊತ್ತೂ ಬಲಗಡೆಗೆ ಚಾಚುತ್ತವೆ. ಯ, ಝ, ಋ ಮೊದಲಾದವು ಸ್ವಭಾವದಿಂದಲೇ ಅಗಲವಾದವು. ಇವುಗಳನ್ನು ಕಿರಿದುಮಾಡಲು ಸುರುಳಿಗಳ ಕಟ್ಟನ್ನೇ ಮತ್ತೆ ಆಲೋಚಿಸಬೇಕು; ಹಿಸುಕುವುದರಿಂದ ಆಗತಕ್ಕ ಕೆಲಸವಲ್ಲ.

ಮೂರನೆಯದು ಇನ್ನೂ ಮುಖ್ಯವಾದುದು. ಓಲೆಗರಿಯ ಮೇಲೆ ಕಂಟದಿಂದ ಕೊರೆದು ಬೆಳೆದ ನಮ್ಮ ಅಕ್ಷರದಲ್ಲಿ ಗೆರೆಗಳ ದಪ್ಪವು ಎಲ್ಲ ದಿಕ್ಕಿನಲ್ಲಿಯೂ ಬಹುಮಟ್ಟಿಗೆ ಸಮಾನ. ಅಂತಹ ಅಕ್ಷರದ ನಿಲುಗೆರೆ ೧೦ ಪಾಲು, ಅಡ್ಡಗೆರೆಯೂ ೧೦ ಪಾಲು ಎಂದಿದ್ದಲ್ಲಿ, ನೂರಕ್ಕೆ ೬೦ಕ್ಕೆ ಹಿಸುಕಿದ ಕೂಡಲೇ ನಿಲುಗೆರೆ ೬, ಅಡ್ಡಗೆರೆ ೧೦ ಆಗುತ್ತದೆ. ರೋಮನ್ ಅಕ್ಷರವು ನೂರಕ್ಕೆ ೪೦ಕ್ಕಿಂತ ಕೆಳಗಿಳಿದಾಗ ಪಡುವ ದುರ್ದಶೆಯನ್ನು ಕನ್ನಡದ ಅಕ್ಷರವು ಮೊದಲ ಹೆಜ್ಜೆಯಲ್ಲಿಯೇ ಪಡುತ್ತದೆ. ಇದರ ಏಟು ಬೀಳುವುದು ಅರ್ಥದ ಮೇಲೆ. ದಕಾರವನ್ನು ಧಕಾರದಿಂದಲೂ ಬಕಾರವನ್ನು ಭಕಾರದಿಂದಲೂ ಬೇರ್ಪಡಿಸುವುದು ಕೆಳಗಣ ಒಂದು ಸಣ್ಣ ಸೀಳು. ಅದು ನೆಟ್ಟಗಿನ ಗೆರೆಯಾದುದರಿಂದ ಅಗಲ ಕುಗ್ಗಿದಾಗ ಮೊದಲು ಬಡವಾಗುವುದು ಅದೇ. ಪಕಾರವನ್ನು ಷಕಾರದಿಂದ ಬೇರ್ಪಡಿಸುವುದು ಒಳಬಯಲಿನ ಒಂದು ಗೆರೆ. ಬಯಲು ಮುಚ್ಚಿದರೆ ಅದೂ ಕಾಣದು. ‘ಧನ’ವು ‘ದನ’ವಾಗಿ, ‘ಭಟ್ಟ’ನು ‘ಬಟ್ಟ’ನಾಗಿ, ‘ಷಟ್ಪದಿ’ಯು ‘ಪಟ್ಪದಿ’ಯಾಗಿ ತೋರಿದರೆ ಅದನ್ನು ಸೌಂದರ್ಯದ ಪ್ರಶ್ನೆಯೆಂದು ತಳ್ಳಿಬಿಡುವಂತಿಲ್ಲ, ಅದು ಪಾಠಶುದ್ಧಿಯ ಪ್ರಶ್ನೆ. ಹಸ್ತಪ್ರತಿಯ ಲಿಪಿಕಾರನ ಒಂದು ಸ್ಖಾಲಿತ್ಯಕ್ಕಾಗಿ ಪುಟಗಟ್ಟಲೆ ಚರ್ಚಿಸುವ ನಾವು, ಮುಖಪತ್ರದ ಮೇಲೆ ಅಚ್ಚು ತಂದೊಡ್ಡುವ ಅದೇ ಜಾತಿಯ ಸ್ಖಾಲಿತ್ಯವನ್ನು ಕಂಡೂ ಕಾಣದಂತಿರುವುದು ಉಚಿತವಲ್ಲ.

ಹಾಗೆಂದು ಕನ್ನಡಕ್ಕೆ ಕಿರಿದಾದ ಅಕ್ಷರವೇ ಬೇಡವೆಂದು ನಾವು ವಾದಿಸುವುದಿಲ್ಲ. ಫೂರ್ನಿಯೆ ಮತ್ತು ಲ್ಯೂಸರ ಕಾವ್ಯೋಚಿತ ಮೊಳೆಗಳ ಅವಶ್ಯಕತೆ ಫ್ರೆಂಚರಿಗಿಂತ ನಮಗೆ ಹೆಚ್ಚೆಂದೇ ಹೇಳಬೇಕು. ಅವರ ಸಾಲಿಗೆ ೧೨ ಉಚ್ಚಾರಾಂಶವಾದರೆ, ನಮ್ಮ ಮತ್ತೇಭವಿಕ್ರೀಡಿತದ ಪಾದಕ್ಕೆ ೨೦ ಅಕ್ಷರ, ಚಂಪಕಮಾಲೆಗೆ ೨೧, ಮಹಾಸ್ರಗ್ಧರೆಗೆ ೨೨. ವಾರ್ಧಕ ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳಿಗೆ ೩೨ ಮಾತ್ರೆ. ಸಾಧಾರಣ ಆಕಾರದ ಪುಸ್ತಕದಲ್ಲಿ ಇವು ಒಂದೇ ಪಂಕ್ತಿಯಲ್ಲಿ ನಿಲ್ಲದೆ ಮುರಿದು ಬೀಳುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ವಿದ್ಯಾರ್ಥಿಯು ಅಚ್ಚಿನ ಮುರಿತವನ್ನು ಯತಿಯೆಂದು ಭ್ರಮಿಸುವುದೂ ಅಪರೂಪವಲ್ಲ. ಹದವಾಗಿ ಕಿರಿದುಮಾಡಿ ಬರೆದ ಒಂದು ಕನ್ನಡ ಅಕ್ಷರವು ಛಂದಸ್ಸಿನ ಬೋಧನೆಗೇ ಉಪಕಾರವನ್ನು ಮಾಡೀತು.

ಇದು ಅಸಾಧ್ಯವೂ ಅಲ್ಲ. ೧೮೪೩ರಲ್ಲಿ ಹೆರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಅಚ್ಚಾದುದು, ಕಲ್ಲಚ್ಚಿನಲ್ಲಿ ಬರೆಯುವವನ ಕೈಯೇ ಅಕ್ಷರದ ಅಗಲವನ್ನು ನಿರ್ಣಯಿಸುವುದು. ಮೊಳೆಯ ಕಾಲದಲ್ಲಿ ಹಿಂದೆ ಸರಿದ ಆ ಸ್ವಾತಂತ್ರ್ಯವು ಈಚೆಗೆ ಬೇರೊಂದು ರೂಪದಲ್ಲಿ ಮರಳಿದೆ. ೨೦೨೨ರಲ್ಲಿ ಏಕ್ ಟೈಪ್ ಸಂಸ್ಥೆಯವರು ಹೊರತಂದ ‘ಅನೇಕ್’ ಎಂಬ ಅಕ್ಷರಕುಟುಂಬದಲ್ಲಿ ಕನ್ನಡವೂ ಸೇರಿದಂತೆ ಭಾರತದ ಹಲವು ಲಿಪಿಗಳಿಗೆ ಕಿರಿದಿನಿಂದ ಅಗಲದವರೆಗೆ ಹಲವು ಪ್ರಮಾಣಗಳನ್ನು ಯೋಜಿಸಿಯೇ ಬರೆದಿದೆ. ಅದು ಸೆರಿಫ್ ಪರಂಪರೆಗೆ ಸೇರಿದುದಲ್ಲ. ಪ್ರಾಚೀನ ಕಾವ್ಯದ ಮುಖಪತ್ರಕ್ಕೆ ಅದರ ದನಿ ಒಪ್ಪುವುದೇ ಎಂಬುದು ಬೇರೆ ಮಾತು. ಆದರೆ ಅಗಲವನ್ನು ಅಕ್ಷರದ ಸ್ವಂತ ಗುಣವಾಗಿ ಆಲೋಚಿಸಬಹುದೆಂಬುದಕ್ಕೆ ಅದು ಪ್ರಮಾಣ.

ಮೇಲಣ ವಿಚಾರದಿಂದ ಮೂರು ನಿರ್ಣಯಗಳು ದೊರೆಯುತ್ತವೆ. ಸಂಕೋಚವು ತಾನಾಗಿ ದೋಷವಲ್ಲ; ಒಳಬಯಲನ್ನು ಬಲಿಗೊಟ್ಟ ಸಂಕೋಚವು ದೋಷ. ಶೀರ್ಷಿಕಾಕ್ಷರದ ಅಂದವು ಅದಕ್ಕೆ ಒಪ್ಪಿಸಿದ ಮಾತಿನ ಪ್ರಮಾಣವನ್ನು ಅವಲಂಬಿಸಿದೆ; ಎರಡು ಪದಕ್ಕೆ ಒಪ್ಪುವುದು ಹತ್ತು ಪದಕ್ಕೆ ಒಪ್ಪಲಾರದು. ಕನ್ನಡದಲ್ಲಿ ಅಕ್ಷರವನ್ನು ಹಿಸುಕುವುದು ಅರ್ಥವನ್ನೇ ಹಿಸುಕುವುದಾದುದರಿಂದ, ಕಿರಿದಾದುದು ಬೇಕಾದಲ್ಲಿ ಅದನ್ನು ಬರೆಯಿಸಬೇಕಲ್ಲದೆ ಅಮುಕಿಸಬಾರದು. ಗ್ರಂಥಸಂಪಾದಕರು ಕರಡಚ್ಚನ್ನು ತಿದ್ದುವಾಗ ಒಳಪುಟಗಳ ಮೇಲಿಡುವ ಎಚ್ಚರದಲ್ಲಿ ಸ್ವಲ್ಪ ಭಾಗವನ್ನು ಮುಖಪತ್ರದ ಮೇಲೆಯೂ ಇಟ್ಟು, ಧಕಾರದ ಸೀಳೂ ಷಕಾರದ ಒಳಗೆರೆಯೂ ಅಲ್ಲಿ ಸ್ಪಷ್ಟವಾಗಿವೆಯೇ ಎಂದು ನೋಡಿ ಒಪ್ಪಿಗೆ ಕೊಡುವುದು ವಿಹಿತವೆಂದು ವಿದ್ವಾಂಸರಲ್ಲಿ ಬಿನ್ನವಿಸುತ್ತೇವೆ.